ಬಿಚ್ಚಿಸಿಕೊಂಡ ಕೊಕ್ಕರೆ

ಜಪಾನಿನಲ್ಲಿ ಕಾಗದ ಮಡಿಸುವುದರಲ್ಲಿ ಹೆಸರಾಗಿದ್ದ ಉಮೆನೊ ಎಂಬ ಮುದುಕಿ ತೀರಿಕೊಂಡಳು. ಅವಳು ಮಡಿಸಿದ ಒಂದೇ ಒಂದು ಕೊಕ್ಕರೆ ಮೇಜಿನ ಮೇಲೆ ಉಳಿದಿತ್ತು. ಅಂಥದ್ದನ್ನು ಮಡಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಸೊಸೆ ಮಿತ್ಸು ಕಲಿಯಲೆಂದು ಅದರ ಮುಂದೆ ಬಂದು ಕುಳಿತಳು.

ಪಕ್ಕದಲ್ಲಿದ್ದ ಕತ್ತರಿ ಕೊಕ್ಕರೆಗೆ ಹೇಳಿತು: “ಇವಳು ನಿನ್ನನ್ನು ಬಿಚ್ಚುತ್ತಾಳೆ. ರೆಕ್ಕೆ ಬಿಗಿಹಿಡಿ. ನಿನ್ನನ್ನು ಮಡಿಸಿದ ಕೈ ಈಗಿಲ್ಲ. ಬಿಚ್ಚಿದರೆ ನೀನು ಬರೀ ಹಾಳೆ.”

“ಹಾಳೆಯಾಗಲು ನನಗೇನು ನಾಚಿಕೆ?” ಎಂದಿತು ಕೊಕ್ಕರೆ. “ನೀನು ಮುಟ್ಟಿದ್ದು ಮತ್ತೆ ಒಂದಾಗುವುದಿಲ್ಲ. ನನ್ನ ಮೈಗೆ ನಿನ್ನ ಬಾಯಿ ಒಮ್ಮೆಯೂ ತಗಲಿಲ್ಲ. ಬಿಚ್ಚಲಿ.”

ಮಿತ್ಸು ಮೊದಲು ರೆಕ್ಕೆ ಬಿಚ್ಚಿದಳು, ಆಮೇಲೆ ಕೊಕ್ಕು. ಕೊಕ್ಕರೆ ಚೌಕದ ಹಾಳೆಯಾಗಿ ಮಲಗಿತು. ಅದರ ತುಂಬ ಅತ್ತೆ ಉಗುರಿನಿಂದ ಒತ್ತಿದ ಗೆರೆಗಳಿದ್ದವು. ಆ ಗೆರೆಗಳ ಮೇಲೆ ಬೆರಳಾಡಿಸಿ ನೋಡುತ್ತ, ಅವಳು ಹೊಸ ಹಾಳೆಯೊಂದನ್ನು ಹಾಗೆಯೇ ಮಡಿಸುತ್ತ ಹೋದಳು. ಕೊನೆಗೆ ಹಳೆಯದನ್ನೂ ಮೊದಲಿನಂತೆ ಮಡಿಸಿ ಹೊಸದರ ಪಕ್ಕದಲ್ಲಿಟ್ಟಳು.

ಕತ್ತರಿ ಎರಡನ್ನೂ ಬಹಳ ಹೊತ್ತು ನೋಡಿತು. “ನಿಮ್ಮಲ್ಲಿ ಉಮೆನೊ ಮಡಿಸಿದ್ದು ಯಾವುದು?”

“ಎರಡೂ,” ಎಂದಿತು ಹಳೆಯ ಕೊಕ್ಕರೆ.