ಮ್ಯಾನೇಜರ ಬಾಗಿಲಲ್ಲಿ ಒರಳುಕಲ್ಲು

ಇಡ್ಲಿ ಮಾರುವ ಪುಟ್ಟಗೌರಮ್ಮನಿಗೆ ಬ್ಯಾಂಕಿನವರು ಒಂದು ಕ್ರೆಡಿಟ್ ಕಾರ್ಡು ತಗುಲಿಹಾಕಿದ್ದರು. ಆಕೆ ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಕಳ್ಳರ ಕೈಗೆ ಸಿಕ್ಕರೆ ಗತಿಯೇನು ಅಂತ ಮಾತ್ರ ನಿದ್ದೆ ಕೆಟ್ಟಿತ್ತು. ರದ್ದುಮಾಡಿಬಿಡಿ ಅಂತ ಹೋದಾಗಲೆಲ್ಲ ಮ್ಯಾನೇಜರು ತಿರುಗುಕುರ್ಚಿಯಲ್ಲಿ ಒಂದು ಸುತ್ತು ಹೊಡೆದು, “ಅರ್ಜಿ ಕೊಡಿ, ನೋಡೋಣ. ಅಲ್ಲಮ್ಮಾ, ಸುಮ್ನೆ ಬಿದ್ದಿರೋ ಕಾರ್ಡು ನಿಮ್ಮನ್ನ ಅನ್ನ ಕೇಳುತ್ತಾ?” ಅನ್ನುತ್ತಿದ್ದರು.

ಮನೆಗೆ ಗ್ರೈಂಡರ್ ಬಂದಮೇಲೆ ಮೂಲೆ ಸೇರಿದ್ದ ಒರಳುಕಲ್ಲನ್ನು ಒಂದು ದಿನ ಆಕೆ ಆಟೋದಲ್ಲಿ ತಂದು, ಮ್ಯಾನೇಜರ ಬಾಗಿಲಿಗೇ ಅಡ್ಡ ಇಳಿಸಿದಳು.

“ಸುಮ್ನೆ ಬಿದ್ದಿತ್ತು ಸಾರ್. ಇಲ್ಲೇ ಇರ್ಲಿ. ಇದೂ ಅನ್ನ ಕೇಳಲ್ಲ.”

ಸಿಟ್ಟಿನಿಂದ ಎದ್ದುಬಂದ ಮ್ಯಾನೇಜರು ಕಲ್ಲಿಗೇ ಎಡವಿದರು. ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ಕುಂಟುತ್ತಲೇ ಹೋಗಿ ಕಾರ್ಡು ರದ್ದುಮಾಡಿಸಿ ಬಂದವರು, “ತಾಯೀ, ಮೊದಲು ಈ ಕಲ್ಲು ತಗೊಂಡ್ಹೋಗಿ!” ಎಂದು ಕೈಮುಗಿದರು.

ಪುಟ್ಟಗೌರಮ್ಮ ಆಗಲೇ ತಿರುಗುಕುರ್ಚಿ ಏರಿ ಕೂತಿದ್ದಳು. ಒಂದು ಸುತ್ತು ಹೊಡೆದಳು.

“ಅರ್ಜಿ ಕೊಡಿ ಸಾರ್, ನೋಡೋಣ.”