ಒಂದೇ ಕುರ್ಚಿಯ ಕೋಣೆ

"ಬುದ್ಧಿ, ಎಷ್ಟು ಅಣಿಯಾದರೆ ಸಾಕು?" ಎಂದು ನಂಜಯ್ಯ ಕೇಳಿದ. ಅವನು ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. "ದಿನವೂ ಮನಸ್ಸನ್ನು ತಿಕ್ಕಿ ತೊಳೆಯುತ್ತಿದ್ದೇನೆ. ಇನ್ನೊಂದಿಷ್ಟು ಶುದ್ಧವಾಗಲಿ, ಆಮೇಲೆ ಜಪಕ್ಕೆ ಕೂರೋಣ ಎನ್ನಿಸುತ್ತದೆ. ಆ ಇನ್ನೊಂದಿಷ್ಟು ಮುಗಿಯುವುದೇ ಇಲ್ಲ."

"ಒಬ್ಬ ಜವಳಿ ವ್ಯಾಪಾರಿ ಇದ್ದ," ಎಂದು ಗುರುಗಳು ಆರಂಭಿಸಿದರು. "ಅವನ ಮನೆಯಲ್ಲಿದ್ದ ಯಂತ್ರಗಳ ಗಂಧಗಾಳಿ ನನಗಿಲ್ಲ. ಅವನ ಮಗಳಿಗೂ ಇರಲಿಲ್ಲ. ಆದ್ದರಿಂದ ಅವಳು ಕಂಡಷ್ಟನ್ನೇ ಹೇಳುತ್ತೇನೆ." ಅವರು ಹೇಳಿದ ಕತೆ ಇದು.

ವ್ಯಾಪಾರಿಯ ಹೆಂಡತಿ ತೀರಿಕೊಂಡಾಗ ಮಗಳಿಗೆ ಎಂಟು ತಿಂಗಳು. ತಾಯಿಯದೆಂದು ಮನೆಯಲ್ಲಿ ಉಳಿದದ್ದು ಒಂದು ಫೋಟೋ, ಒಂದು ಕ್ಯಾಸೆಟ್. ಅವಳು ತೊಟ್ಟಿಲು ತೂಗುತ್ತಾ ಜೋಗುಳ ಹಾಡುತ್ತಿದ್ದಾಗ ಗಂಡ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ್ದ. ಹನ್ನೊಂದು ನಿಮಿಷದ ಹಾಡು. ಹಾಡಿನ ನಡುವೆ ಅವಳು ಮಗುವನ್ನು ಒಂದು ಮುದ್ದಿನ ಹೆಸರಿನಿಂದ ಕರೆದಿದ್ದಳು. ಅದು ಆ ಗಳಿಗೆಯಲ್ಲಿ ನಾಲಿಗೆಗೆ ಬಂದ ಹೆಸರು. ಹಿಂದೆ ಎಂದೂ ಹಾಗೆ ಕರೆದಿರಲಿಲ್ಲ, ಮುಂದೆ ಕರೆಯಲು ಅವಳು ಉಳಿಯಲಿಲ್ಲ. ಆ ಹೆಸರು ಗೊತ್ತಿದ್ದದ್ದು ಗಂಡನೊಬ್ಬನಿಗೆ.

ಮಗಳಿಗೆ ತಿಳಿವಳಿಕೆ ಬಂದಾಗಿನಿಂದ ಬೇಕಾಗಿದ್ದದ್ದು ಅದೊಂದೇ. ಬಟ್ಟೆ ಬೇಡ, ಬಳೆ ಬೇಡ, ಅಮ್ಮ ಏನೆಂದು ಕರೆದಳು ಹೇಳಪ್ಪಾ ಎಂದು ದುಂಬಾಲು ಬೀಳುತ್ತಿದ್ದಳು. "ನಾನು ಹೇಳಿದರೆ ಅದು ನನ್ನ ದನಿಯಾಗುತ್ತೆ ಮಗಳೇ. ಅವಳ ಬಾಯಿಂದಲೇ ಕೇಳುವೆಯಂತೆ," ಎನ್ನುತ್ತಿದ್ದ ತಂದೆ. ಆದರೆ ಆ ಹಳೆಯ ಟೇಪ್ ರೆಕಾರ್ಡರಿನಲ್ಲಿ ಕೇಳಿಸಲು ಅವನಿಗೆ ಮನಸ್ಸಿರಲಿಲ್ಲ. ಅದು ಗೊರಗೊರ ಎನ್ನುತ್ತಿತ್ತು. ತಾಯಿ ಮೊದಲ ಸಲ ಮಗಳ ಎದುರಿಗೆ ಬರುವಾಗ ಹರಕು ಸೀರೆಯಲ್ಲಿ ಬರಬಾರದು ಎಂದು ಜವಳಿಯವನು ಯೋಚಿಸಿದ. ಪ್ರೀತಿಯಿಂದಲೇ ಹಾಗೆ ಯೋಚಿಸಿದ, ಅದರಲ್ಲಿ ಎರಡು ಮಾತಿಲ್ಲ.

ಹೊಸ ಯಂತ್ರ ತರಿಸಲು ಹೊರಟವನಿಗೆ, ಯಂತ್ರಕ್ಕಿಂತ ಮೊದಲು ಕೋಣೆ ಸರಿಯಾಗಬೇಕು ಎಂದು ಅದನ್ನು ಜೋಡಿಸಿಕೊಡುವವನು ಹೇಳಿದ. ವ್ಯಾಪಾರಿ ನಡುಮನೆಯ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿದ. ಕಿಟಕಿ ಮುಚ್ಚಿಸಿದ. ಗೋಡೆಗಳಿಗೆ ಹತ್ತಿಯ ದಿಂಬು ಹೊಡೆಸಿ, ಅದರ ಮೇಲೆ ತನ್ನ ಅಂಗಡಿಯ ದಪ್ಪ ಬಟ್ಟೆ ಎಳೆಸಿದ. ಒಂದರ ಹಿಂದೆ ಒಂದು, ಎರಡು ಬಾಗಿಲು ಇಡಿಸಿದ. ಆಮೇಲೆ ಕ್ಯಾಸೆಟ್ ಹಾಕುವ ಒಳ್ಳೆಯ ಡೆಕ್ ಬಂತು, ಆಂಪ್ಲಿಫೈಯರ್ ಬಂತು, ಎದೆಯೆತ್ತರದ ಎರಡು ಸ್ಪೀಕರ್ ಬಂದವು. ಅಂಗಡಿಯ ಮೀಟರ್ ಕಡ್ಡಿ ತಂದು ಅಳೆದ. ದನಿ ಸರಿಯಾಗಿ ಬಂದು ಕೂಡುವ ಜಾಗ ಕೋಣೆಗೆಲ್ಲ ಒಂದೇ ಎಂದು ತೀರ್ಮಾನವಾಯಿತು. ಅಲ್ಲಿ ಒಂದು ಕುರ್ಚಿ ಹಾಕಿದ. ಎರಡನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದವನು ಕೈ ತೊಳೆದವನೇ ಕೋಣೆ ಹೊಗುತ್ತಿದ್ದ. ಮಗಳು ಬಾಗಿಲಿಗೆ ಕಿವಿಯಿಟ್ಟರೆ ಸೊಳ್ಳೆಯ ಸದ್ದೂ ಕೇಳುತ್ತಿರಲಿಲ್ಲ. ಅವನು ಹೊರಗೆ ಬಂದಾಗ ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು.

"ಇವತ್ತು ನಿನ್ನಮ್ಮನ ಬಳೆಯ ಸದ್ದು ಕೇಳಿಸಿತು," ಎಂದು ಒಂದು ದಿನ ಹೇಳಿದ. ಇನ್ನೊಂದು ದಿನ, ತೊಟ್ಟಿಲ ಸರಪಳಿ ಎಲ್ಲಿ ಕಿರುಗುಟ್ಟುತ್ತದೆ ಎಂದು ಹೇಳಿದ. ಹುಡುಗಿ ಎಲ್ಲವನ್ನೂ ಮನಸ್ಸಿನಲ್ಲಿ ಸಾಲಾಗಿ ಇಟ್ಟುಕೊಂಡಳು. ಮೊದಲು ಬಳೆ, ಆಮೇಲೆ ಸರಪಳಿ, ಆಮೇಲೆ ಹಾಡು, ಹಾಡಿನ ನಡುವೆ ಅವಳ ಹೆಸರು. ಒಗೆಯುವಾಗ, ರುಬ್ಬುವಾಗ ಆ ಸಾಲನ್ನು ನೆನೆದುಕೊಂಡು ಖುಷಿಪಡುತ್ತಿದ್ದಳು.

ಈ ಚಟ ಹತ್ತಿದವರಲ್ಲಿ ಒಂದು ಪದ್ಧತಿ ಇದೆಯಂತೆ. ಹೊಸ ಸ್ಪೀಕರ್ ಬಿಗಿಯಾಗಿರುತ್ತದೆ, ನೂರಾರು ಗಂಟೆ ಹಾಡಿಸಿ ಪಳಗಿಸಬೇಕು. ಬೇರೆಯವರು ಯಾವುದೋ ಹಾಡು ಹಚ್ಚಿ ತಮ್ಮ ಪಾಡಿಗೆ ಹೋಗುತ್ತಾರೆ. ನಮ್ಮ ವ್ಯಾಪಾರಿ ಮಹಾ ಮಡಿವಂತ. ತನ್ನ ಹೆಂಡತಿ ಹಾಡಬೇಕಾದ ಸ್ಪೀಕರಿನಲ್ಲಿ ಯಾರೋ ಮೊದಲು ಹಾಡಿದರೆ ಅದು ಎಂಜಲಾಯಿತು ಎಂದುಕೊಂಡ. ಪಳಗಿಸುವುದಕ್ಕೂ ಆ ಕ್ಯಾಸೆಟ್ಟನ್ನೇ ಹಾಕಿದ. ಮುಗಿದೊಡನೆ ತಾನೇ ಹಿಂದಕ್ಕೆ ಸುತ್ತಿ ಮತ್ತೆ ಆಡುವಂತೆ ಬೆಳಿಗ್ಗೆ ಹಚ್ಚಿ, ಬಾಗಿಲಿಗೆ ಬೀಗ ಹಾಕಿ ಅಂಗಡಿಗೆ ಹೋಗುತ್ತಿದ್ದ. ಮುಚ್ಚಿದ ಕೋಣೆಯಲ್ಲಿ, ಖಾಲಿ ಕುರ್ಚಿಯ ಎದುರಿಗೆ, ಸತ್ತವಳು ದಿನವಿಡೀ ಹಾಡುತ್ತಿದ್ದಳು. ಅದನ್ನು ನೆನೆದರೆ ಮಗಳಿಗೆ ಮೈ ಜುಂ ಎನ್ನುತ್ತಿತ್ತು. ಆ ಬಾಗಿಲಿನ ಮುಂದೆ ಹಾದುಹೋಗುವಾಗ ಹೆಜ್ಜೆ ಸದ್ದಾಗದಂತೆ ನಡೆಯುತ್ತಿದ್ದಳು.

ಯಂತ್ರ ಜೋಡಿಸುವವನು ಒಮ್ಮೆ ನೋಡಿ ಹೇಳಿದ: "ಆಡಿಸಿದಷ್ಟೂ ರೀಲು ಸವೆಯುತ್ತೆ ಯಜಮಾನ್ರೇ. ಬೇರೆ ಕ್ಯಾಸೆಟ್ಟಿಗೆ ಒಂದು ಕಾಪಿ ಇಳಿಸಿಟ್ಕೊಳ್ಳಿ."

"ಹೆಂಡತಿಗೂ ಕಾಪಿ ಮಾಡಿಸ್ತಾರೇನಯ್ಯಾ?" ಎಂದು ವ್ಯಾಪಾರಿ ಅವನ ಬಾಯಿ ಮುಚ್ಚಿಸಿದ.

ವಾರಕ್ಕೊಮ್ಮೆ ಅವನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಡೆಕ್ಕಿನ ಒಳಗನ್ನು ಒರೆಸುತ್ತಿದ್ದ. ಹತ್ತಿಗೆ ಕಂದು ಪುಡಿ ಅಂಟಿಕೊಂಡು ಬರುತ್ತಿತ್ತು. ಅದನ್ನು ಬಾಗಿಲಾಚೆಗೆ ಎಸೆಯುತ್ತಿದ್ದ, ಮಗಳು ಗುಡಿಸಿ ಕಸಕ್ಕೆ ಹಾಕುತ್ತಿದ್ದಳು. ರೀಲಿನ ಮೇಲೆ ದನಿ ನಿಂತಿರುವುದು ಆ ಕಂದು ಪುಡಿಯಲ್ಲೇ. ತಾನು ಗುಡಿಸುತ್ತಿರುವುದು ಏನನ್ನು ಎಂದು ಆ ಮಗುವಿಗೆ ಹೇಳುವವರು ಯಾರೂ ಇರಲಿಲ್ಲ.

ವರ್ಷಗಳು ಕಳೆದಂತೆ ದನಿ ತೆಳುವಾಯಿತು. ವ್ಯಾಪಾರಿ ಆಂಪ್ಲಿಫೈಯರನ್ನು ದೂರಿದ, ಅದಕ್ಕಿಂತ ದೊಡ್ಡದನ್ನು ತಂದ. ಸ್ಪೀಕರನ್ನು ದೂರಿದ, ಬದಲಾಯಿಸಿದ, ಮತ್ತೆ ನೂರಾರು ಗಂಟೆ ಪಳಗಿಸಿದ. ಕೊನೆಗೆ ಹೋಂ ಥಿಯೇಟರ್ ಮಾಡಿದರೆ ಸರಿಹೋದೀತು ಎಂದು ಮುಂದೆ ಮೂರು, ಹಿಂದೆ ಎರಡು, ಮೂಲೆಯಲ್ಲಿ ಒಂದು ಸ್ಪೀಕರ್ ಇಡಿಸಿದ. ಪರದೆ ಇರಬೇಕಾದ ಗೋಡೆಗೆ ಹೆಂಡತಿಯ ಫೋಟೋ ತೂಗುಹಾಕಿದ.

ಅಲ್ಲಿಂದ ಅವನು ಹೊರಗೆ ತರುವ ಸುದ್ದಿ ಬೇರೆಯಾಯಿತು. "ಹಾಡುವುದಕ್ಕೆ ಮೊದಲು ದೂರದಲ್ಲಿ ನಿಂತು ಒಂದು ಸಲ ಮೆಲ್ಲಗೆ ಹಾಡಿ ನೋಡಿಕೊಳ್ಳುತ್ತಾಳೆ," ಎಂದ. ಹಳೆಯ ರೀಲಿನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟಿ, ಹಾಡಿಗೆ ಮೊದಲೇ ಮೆಲ್ಲಗೆ ಕೇಳಿಸುವುದುಂಟಂತೆ, ಅದನ್ನು ಒಪ್ಪೋಣ. ಆಮೇಲಿನವನ್ನು ಏನೆನ್ನಬೇಕೋ ನನಗೆ ತಿಳಿಯದು. "ಇವತ್ತು ಹಾಡು ನಿಲ್ಲಿಸಿ ನಕ್ಕಳು," ಎಂದ. ಇನ್ನೊಂದು ದಿನ, "ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತಳು," ಎಂದ. ಮತ್ತೊಂದು ದಿನ ಅನ್ನ ಕಲಸುತ್ತಾ, "ಊಟವಾಯಿತೇ ಎಂದು ಕೇಳಿದಳು," ಎಂದ.

ಬಡಿಸುತ್ತಿದ್ದ ಮಗಳ ಕೈ ನಿಂತಿತು. ಭಯವಾಗಿತ್ತು. ಆದರೂ ಆಸೆ ತಡೆಯಲಿಲ್ಲ. "ನನ್ನ ಬಗ್ಗೆ ಏನಾದರೂ ಕೇಳಿದಳಾ ಅಪ್ಪಾ?"

ಅವನು ಯೋಚಿಸಿ ನೋಡಿದ. "ಇಲ್ಲ," ಎಂದು ಊಟ ಮುಂದುವರಿಸಿದ.

ಹುಡುಗಿಗೆ ಹದಿನೇಳು ತುಂಬಿದ ವರ್ಷ, ಒಂದು ಮಧ್ಯಾಹ್ನ, ಎಲ್ಲವೂ ಸರಿಯಾಯಿತು ಎಂದು ತಂದೆ ಅವಳನ್ನು ಕರೆದ. ಅವಳು ತಲೆಗೆ ಸ್ನಾನ ಮಾಡಿ ಬಂದು ಆ ಕುರ್ಚಿಯಲ್ಲಿ ಕೂತಳು. ಎರಡೂ ಬಾಗಿಲು ಮುಚ್ಚಿದವು. ಅಷ್ಟು ನಿಶ್ಶಬ್ದದಲ್ಲಿ ಅವಳಿಗೆ ತನ್ನ ಎದೆಬಡಿತ ತನಗೇ ಕೇಳಿಸಿತು. ತಂದೆ ಗುಂಡಿ ಒತ್ತಿ ಪಕ್ಕದಲ್ಲಿ ನಿಂತ.

ಸುಯ್ ಎಂಬ ಸದ್ದು ಬಂತು. ಅವಳು ಬಳೆಗಾಗಿ ಕಾದಳು. ಬಳೆ ಬರಲಿಲ್ಲ. ಸರಪಳಿ ಬರಲಿಲ್ಲ. ಎಲ್ಲ ಕಡೆಯಿಂದ ಆ ಸುಯ್ ಎಂಬುದೊಂದೇ ಬರುತ್ತಿತ್ತು, ಸ್ವಚ್ಛವಾಗಿ ಬರುತ್ತಿತ್ತು. ಇನ್ನೂ ಹಾಡು ಶುರುವಾಗಿಲ್ಲವೇನೋ ಎಂದು ತಿರುಗಿ ನೋಡಿದಳು. ತಂದೆ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ. ಅವನ ಬಲಗೈ ಗಾಳಿಯಲ್ಲಿ ತೊಟ್ಟಿಲು ತೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು.

"ಈಗ ಕರೆದಳು ನೋಡು," ಎಂದ ಮೆಲ್ಲಗೆ. "ಕೇಳಿಸಿತಾ?"

ಹುಡುಗಿಗೆ ಅಳು ಬಂತು. "ಇಲ್ಲಪ್ಪಾ. ಏನಂತ ಕರೆದಳು? ನಿನ್ನ ದನಿಯಾದರೂ ಸರಿ, ನೀನೇ ಹೇಳಿಬಿಡು."

ಅವನು ಕಣ್ಣು ತೆರೆದ. ಮಗಳನ್ನು ನೋಡಲಿಲ್ಲ, ಸ್ಪೀಕರಿನ ಹಿಂದೆ ಇಳಿಬಿದ್ದಿದ್ದ ವೈರನ್ನು ನೋಡಿದ. "ಈ ವೈರು ಸರಿಯಿಲ್ಲ. ಬದಲಾಯಿಸುತ್ತೇನೆ, ಇನ್ನೊಂದು ತಿಂಗಳು ತಡೆದುಕೋ," ಎಂದ. ಅವಳನ್ನು ಎಬ್ಬಿಸಿ ತಾನು ಕೂತ. ಬಾಗಿಲು ಎಳೆದುಕೊಳ್ಳುವಾಗ ಅವಳು ಹಿಂತಿರುಗಿ ನೋಡಿದಳು. ತಂದೆ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟವನ ಹಾಗೆ ಕೂತಿದ್ದ.

ಆ ತಿಂಗಳು ಮುಗಿಯಲಿಲ್ಲ. ಒಂದು ದಿನ ರಾತ್ರಿಯ ಊಟದ ಹೊತ್ತಾದರೂ ಹೊರಗೆ ಬರಲಿಲ್ಲವೆಂದು ಅಕ್ಕಪಕ್ಕದವರು ಬಾಗಿಲು ಒಡೆದರು. ವ್ಯಾಪಾರಿ ಕುರ್ಚಿಯಲ್ಲೇ ತೀರಿಕೊಂಡಿದ್ದ. ಏನೋ ಇಂಪಾದದ್ದನ್ನು ಕೇಳುತ್ತಿರುವವನ ಮುಖ ಅವನದಾಗಿತ್ತು. ಯಂತ್ರ ಸುಯ್ ಎನ್ನುತ್ತಲೇ ಇತ್ತು. ಮಗಳು ಹೋಗಿ ಅದನ್ನು ಆರಿಸಿದಳು.

ಕತೆ ಮುಗಿಯಿತು. ನಂಜಯ್ಯ ಕೇಳಿದ: "ಬುದ್ಧಿ, ಆ ವ್ಯಾಪಾರಿಗೆ ಕೇಳಿಸುತ್ತಿದ್ದದ್ದು ನಿಜವಾದ ದನಿಯೋ, ಅವನ ಮನಸ್ಸಿನದೋ? ಕೊನೆಯಲ್ಲಿ ಅವನಿಗೆ ಸಿದ್ಧಿಯಾಯಿತೋ ಇಲ್ಲವೋ?"

ಗುರುಗಳು ಹೇಳಿದರು: "ಆ ಹುಡುಗಿಯ ಹೆಸರೇನೆಂದು ನೀನೂ ಕೇಳಲಿಲ್ಲ."