ಗುಂಡಿಯಿಲ್ಲದ ಕಾರ್ಬುರೇಟರ್

ಎಫ್ರಾಯಿಮ್ ಮೇಷ್ಟ್ರ ಹಳೇ ಬ್ರಿಟಿಷ್ ಬೈಕಿನಿಂದ ಸವೆದ ಕಾರ್ಬುರೇಟರನ್ನು ಬಿಚ್ಚಿ ಕಿಟಕಿಯಲ್ಲಿಟ್ಟ ಮೆಕ್ಯಾನಿಕ್ ಗೌಸ್ ಸಾಬರು, ಅದರ ಜಾಗದಲ್ಲಿ ಹೊಸದನ್ನು ಕೂರಿಸಿದರು.

"ಅಜ್ಜ, ನಲವತ್ತು ವರ್ಷ ಸೋರಿಕೊಂಡೇ ಬದುಕಿದಿರಲ್ಲ!" ಎಂದಿತು ಹೊಸದು. "ದಿನಾ ಬೆಳಗ್ಗೆ ನಿಮ್ಮ ಗುಂಡಿ ಒತ್ತಿ, ಪೆಟ್ರೋಲ್ ಉಕ್ಕಿ ಬೆರಳು ಒದ್ದೆಯಾದ ಮೇಲೆ ಕಿಕ್ ಹೊಡೆಯಬೇಕಿತ್ತಂತೆ. ನನಗೆ ಗುಂಡಿಯೇ ಇಲ್ಲ. ಇನ್ನು ಮೇಷ್ಟ್ರ ಕೈಗೆ ಪೆಟ್ರೋಲ್ ವಾಸನೆ ಹತ್ತುವುದಿಲ್ಲ."

"ಒಳ್ಳೆಯದೇ ಆಯಿತು ಮಗು," ಎಂದಿತು ಹಳೆಯದು. "ಅವರ ಮೊಣಕಾಲಿಗೂ ವಯಸ್ಸಾಗಿದೆ. ಒಂದೇ ಕಿಕ್ಕಿಗೆ ಎದ್ದುಬಿಡು."

ಮೇಷ್ಟ್ರು ಬಂದು ಬಗ್ಗಿದರು. ಹೆಬ್ಬೆರಳು ತಾನಾಗಿ ಹೊಸದರ ನುಣುಪು ಮೈಯನ್ನು ಎರಡು ಸಲ ಒತ್ತಿತು.

"ಸರ್, ಅಲ್ಲಿ ಗುಂಡಿ ಇಲ್ಲ. ಸುಮ್ಮನೆ ಕಿಕ್ ಹೊಡೀರಿ," ಎಂದರು ಸಾಬರು.

"ಗೊತ್ತು ಸಾಬರೇ," ಎಂದು ಮೇಷ್ಟ್ರು ಮತ್ತೊಮ್ಮೆ ಒತ್ತಿದರು.

"ಗುಂಡಿ ಇಲ್ಲದ ಕಡೆ ಯಾಕೆ ಒತ್ತುತ್ತಾರೆ, ಅಜ್ಜ?" ಹೊಸದು ಪಿಸುಗುಟ್ಟಿತು.

"ಎಬ್ಬಿಸುವ ಮುಂಚೆ ಮಾತಾಡಿಸುವುದು ಅವರ ರೂಢಿ," ಎಂದಿತು ಹಳೆಯದು.

ಬೈಕು ಒಂದೇ ಕಿಕ್ಕಿಗೆ ಎದ್ದಿತು. ಮೇಷ್ಟ್ರು ತಮ್ಮ ಒಣ ಹೆಬ್ಬೆರಳನ್ನು ಮೂಸಿ ನೋಡಿಕೊಂಡರು.

ತನಗೂ ಒಂದೇ ಒಂದು ಹನಿ ಸೋರಲು ಬಂದಿದ್ದರೆ ಚೆನ್ನಾಗಿತ್ತು ಎಂದು ಆಗ ಹೊಸದಕ್ಕೆ ಅನ್ನಿಸಿತು.